ಲೆಕ್ಕ ಕಡಿಮೆ ಎಂದು ನೆಮ್ಮದಿಯಾಗಿರಬಹುದೇ?

ಕಿಡ್ನಿ ಕ್ಯಾನ್ಸರ್ ಅತಿ ಹೆಚ್ಚು ಕಾಣಿಸುವ ದೇಶಗಳಲ್ಲಿ ಜೆಕ್ ಗಣರಾಜ್ಯ ದಶಕಗಳಿಂದಲೂ ಮುಂದಿನ ಸಾಲಿನಲ್ಲಿದೆ. ನಾನಿರುವುದು ಅಲ್ಲಿನ ಬ್ರ್ನೋ ನಗರದಲ್ಲಿ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ 2012ಕ್ಕೆ ಮಾಡಿದ ಅಂದಾಜಿನಲ್ಲಿ, ಇಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಸುಮಾರು 22 ಮಂದಿಗೆ ಈ ರೋಗ. ಭಾರತದಲ್ಲಿ ಇದು ಎರಡರ ಆಸುಪಾಸು. ಊರಿಗೆ ಫೋನ್ ಮಾಡಿದಾಗ ಹೇಳಿದರೆ, "ಸದ್ಯ, ನಮ್ಮ ಕಡೆ ಅಷ್ಟಿಲ್ಲವಲ್ಲ" ಅನ್ನುತ್ತಾರೆ. ಈ ಸಮಾಧಾನ ನನಗೆ ಒಪ್ಪಿಗೆಯಿಲ್ಲ.

ರೋಗ ಬಂದವರ ಲೆಕ್ಕದ ಪಕ್ಕದಲ್ಲಿ ಸತ್ತವರ ಲೆಕ್ಕವನ್ನೂ ಇಟ್ಟು ನೋಡಬೇಕು. 2022ರಲ್ಲಿ ಜಗತ್ತಿನಲ್ಲಿ ಸುಮಾರು 4.35 ಲಕ್ಷ ಜನರಿಗೆ ಕಿಡ್ನಿ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 1.56 ಲಕ್ಷ ಜನ ತೀರಿಕೊಂಡರು. ಅಮೆರಿಕದಲ್ಲೂ ಪಶ್ಚಿಮ ಯುರೋಪಿನಲ್ಲೂ 1990ರ ದಶಕದಿಂದೀಚೆಗೆ ಸಾವಿನ ಪ್ರಮಾಣ ಇಳಿಯುತ್ತಾ ಬಂತು. ಜೆಕ್‌ನಲ್ಲೂ ಇಳಿದಿದೆ. ಭಾರತದ ಅಂದಾಜುಗಳಲ್ಲಿ ಮಾತ್ರ ಒಂದು ವರ್ಷದ ಸಾವುಗಳು ಆ ವರ್ಷದ ಹೊಸ ರೋಗಿಗಳ ಅರ್ಧವನ್ನೂ ಮೀರುತ್ತವೆ. ರೋಗ ಕಡಿಮೆ ಇರುವುದು ಬಹುಮಟ್ಟಿಗೆ ನಿಜವೇ. ಆದರೆ ಬಂದವರು ಬದುಕುವುದೂ ಕಡಿಮೆ.

ಇಲ್ಲಿ ಜೆಕ್‌ನಲ್ಲಿ ದೊಡ್ಡವರಿಗೆಲ್ಲ ಕೆಲವು ವರ್ಷಗಳಿಗೊಮ್ಮೆ ತಮ್ಮ ಡಾಕ್ಟರ ಬಳಿ ತಪಾಸಣೆ ಉಂಟು, ಖರ್ಚು ವಿಮೆಯದ್ದು. ಬಿಪಿ ನೋಡುತ್ತಾರೆ, ಮೂತ್ರ ಪರೀಕ್ಷೆ ಮಾಡುತ್ತಾರೆ. ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಕಿಡ್ನಿಯಲ್ಲಿ ಸಣ್ಣ ಗಡ್ಡೆ ಸಿಗುವುದು ಸಾಮಾನ್ಯ. ನನ್ನ ಸಹೋದ್ಯೋಗಿಯೊಬ್ಬರಿಗೆ ಪಿತ್ತಕೋಶದ ಕಲ್ಲಿಗೆ ಮಾಡಿದ ಸ್ಕ್ಯಾನಿಂಗ್‌ನಲ್ಲಿ ಹೀಗೇ ಗೊತ್ತಾಯಿತು. ಗಡ್ಡೆಯಷ್ಟನ್ನೇ ತೆಗೆದು ಕಿಡ್ನಿ ಉಳಿಸಿದರು. ಹಾಗೆಂದು ಎಲ್ಲರನ್ನೂ ಸ್ಕ್ಯಾನಿಂಗ್ ಯಂತ್ರದ ಕೆಳಗೆ ಮಲಗಿಸಿ ಎಂದು ನಾನು ಹೇಳುತ್ತಿಲ್ಲ. ಎಂದೂ ತೊಂದರೆ ಕೊಡದಿದ್ದ ಗಡ್ಡೆಗಳೂ ಹೀಗೆ ಲೆಕ್ಕಕ್ಕೆ ಸೇರಿ ಅಂಕಿ ಉಬ್ಬುತ್ತದೆ, ಕೆಲವರಿಗೆ ಬೇಡದ ಆಪರೇಷನ್ನೂ ಆಗುತ್ತದೆ.

ನಮ್ಮಲ್ಲಿ ತೊಡಕು ಇನ್ನೂ ಮೊದಲೇ ಶುರುವಾಗುತ್ತದೆ. ಮೂತ್ರ ಕೆಂಪಗೆ ಹೋದರೆ "ಉಷ್ಣ ಆಗಿದೆ" ಎಂದು ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ. ಎರಡು ದಿನದಲ್ಲಿ ಬಣ್ಣ ತಿಳಿಯಾಗುತ್ತದೆ, ಉಷ್ಣ ಇಳಿಯಿತು ಅನ್ನುತ್ತೇವೆ. ಕಿಡ್ನಿ ಗಡ್ಡೆಯ ರಕ್ತವೂ ಹಾಗೇ ನೋವಿಲ್ಲದೆ ಬಂದು, ತಾನೇ ನಿಂತು, ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಬರಬಹುದು. ಎಳನೀರಿನ ಮೇಲೆ ನನಗೆ ಯಾವ ದೂರೂ ಇಲ್ಲ. ಅದನ್ನು ಕುಡಿದೇ ಮೂತ್ರ ಪರೀಕ್ಷೆಗೆ ಹೋಗಲಿ. ಹೆಂಗಸರಿಗಿಂತ ಗಂಡಸರಿಗೆ ಈ ರೋಗ ಸುಮಾರು ಎರಡು ಪಟ್ಟು, ಡಾಕ್ಟರ ಹತ್ತಿರ ಹೋಗಲು ಹಿಂದೇಟು ಹಾಕುವವರೂ ನಾವೇ.

ಸಿಗರೇಟು, ಬೀಡಿ, ಬೊಜ್ಜು, ಹತೋಟಿಯಿಲ್ಲದ ಬಿಪಿ ಇದಕ್ಕೆ ತಿಳಿದಿರುವ ಕಾರಣಗಳು. ಜೆಕ್‌ನ ಎತ್ತರದ ಅಂಕಿಯನ್ನು ಅಷ್ಟರಿಂದಲೇ ವಿವರಿಸಲು ಆಗಿಲ್ಲ. ಬೇರೆ ಕಾರಣಗಳನ್ನು ಹುಡುಕುತ್ತಾ 11 ದೇಶಗಳ 962 ರೋಗಿಗಳ ಗಡ್ಡೆಗಳ ಡಿಎನ್‌ಎ ಓದಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ರೊಮೇನಿಯ, ಸರ್ಬಿಯ, ಥಾಯ್ಲೆಂಡಿನ ಗಡ್ಡೆಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲದ ಗುರುತು ಸಿಕ್ಕಿತು. ಅದು ಅರಿಸ್ಟೊಲೋಕಿಯ ಕುಲದ ಗಿಡಗಳ ವಿಷ. ನಾಟಿ ಮದ್ದಿನಲ್ಲಿ ಹಾವಿನ ಕಡಿತಕ್ಕೆಂದು ಬಳಸುವ ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಅದರ ಬೇರನ್ನು ಅರೆದು ಕುಡಿಯುವವರಿಗೆ ಈ ಮಾತು ತಲುಪಲೇಬೇಕು.

ದಾಖಲೆಯ ವಿಷಯವೂ ಇದೆ. ಜೆಕ್‌ನಲ್ಲಿ 1970ರ ದಶಕದಿಂದ ಇಡೀ ದೇಶದ ಕ್ಯಾನ್ಸರ್ ನೋಂದಣಿ ನಡೆದಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ನೋಂದಣಿ ಒಳ್ಳೆಯ ಕೆಲಸ, ಆದರೆ ಬೀದರ್‌ನ ಹಳ್ಳಿಯಲ್ಲಿ ಸ್ಕ್ಯಾನಿಂಗ್ ಕಾಣದೆ ತೀರಿಕೊಂಡವರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಕರ್ನಾಟಕ ಸರ್ಕಾರ ಕೋಲಾರದಿಂದ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಬಿಪಿ, ಶುಗರ್ ನೋಡಲು ಮನೆಬಾಗಿಲಿಗೇ ಬರುತ್ತಾರೆ. ಜೆಕ್ ಡಾಕ್ಟರು ಇಲ್ಲಿ ನನಗೆ ಮಾಡುವ ತಪಾಸಣೆಯ ಮುಖ್ಯ ಭಾಗ ಅದೇ. ಅದರ ಜೊತೆಗೆ, "ಮೂತ್ರದಲ್ಲಿ ಯಾವಾಗಲಾದರೂ ರಕ್ತ ಕಂಡಿತ್ತಾ?" ಎಂದು ಕೇಳುವುದನ್ನೂ ಸೇರಿಸಲಿ. ಹೌದು ಅಂದವರನ್ನು ತಾಲ್ಲೂಕು ಆಸ್ಪತ್ರೆಗೆ ಸ್ಕ್ಯಾನಿಂಗ್‌ಗೆ ಕಳಿಸಲಿ.