ಪೆಟ್ರೋಲಿಗೂ ಚಿಕೋರಿ

ನಮ್ಮ ಚಿಕ್ಕಮಗಳೂರಿನ ಯಾವ ಕಾಫಿಪುಡಿ ಅಂಗಡಿಗಾದರೂ ಹೋಗಿ ಅರ್ಧ ಕೆಜಿ ಪುಡಿ ಕೇಳಿ. ಅಂಗಡಿಯವರು ತಕ್ಕಡಿಗೆ ಕೈ ಹಾಕುವ ಮೊದಲು "ಚಿಕೋರಿ ಎಷ್ಟು ಹಾಕ್ಲಿ ಸಾರ್?" ಅಂತಾರೆ. 80-20 ಬೇಕಾ, 70-30 ಬೇಕಾ, ಇಲ್ಲಾ ಚಿಕೋರಿ ಬೇಡವೇ ಬೇಡವಾ? ಚಿಕೋರಿ ಜಾಸ್ತಿ ಆದಷ್ಟೂ ರೇಟು ಕಮ್ಮಿ. ಪ್ಯಾಕೆಟ್ ಪುಡಿಯಾದರೆ ಎಷ್ಟು ಪರ್ಸೆಂಟ್ ಬೆರೆಸಿದ್ದೀರಿ ಅಂತ ಮೇಲೆ ಅಚ್ಚು ಹಾಕಲೇಬೇಕು. ಕಾನೂನೇ ಇದೆ.

ಪುಡಿ ಕಟ್ಟಿಸಿಕೊಂಡು ಸ್ವಲ್ಪ ಮುಂದೆ ಬಂದರೆ ಪೆಟ್ರೋಲ್ ಬಂಕು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಪೆಟ್ರೋಲಿಗೆ 20 ಪರ್ಸೆಂಟ್ ಎಥನಾಲ್, ಅಂದರೆ ಕಬ್ಬು, ಜೋಳ, ಅಕ್ಕಿಯಿಂದ ಇಳಿಸಿದ ಮದ್ಯಸಾರ. ಎಲ್ಲರಿಗೂ ಒಂದೇ ಹದ, ಮದುವೆ ಮನೆ ಕಾಫಿಯ ಹಾಗೆ. ಮದುವೆ ಮನೆಯಲ್ಲಿ ದುಡ್ಡು ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಆದರೂ ಹೊಗಳಬೇಕಾದ್ದನ್ನು ಹೊಗಳಲೇಬೇಕು. 2030ಕ್ಕೆ ಮುಟ್ಟಬೇಕಿದ್ದ ಈ 20 ಪರ್ಸೆಂಟಿನ ಗುರಿಯನ್ನು ಸರ್ಕಾರ 2025ರಲ್ಲೇ ಮುಟ್ಟಿತು. ಐದು ವರ್ಷ ಮೊದಲೇ! ನಮ್ಮಲ್ಲಿ ಸರ್ಕಾರಿ ಕೆಲಸ ಇಷ್ಟು ಬೇಗ ಮುಗಿದದ್ದನ್ನು ನೀವು ನೋಡಿದ್ದೀರಾ? ಹಾಸನದಿಂದ ಸಕಲೇಶಪುರ ದಾಟಿ ಹೋಗುವ ಹೆದ್ದಾರಿಯ ಕಥೆಯನ್ನು ಶಿರಾಡಿ ಘಾಟಿಯ ಬಸ್ಸಲ್ಲಿ ಕೂತವರನ್ನು ಕೇಳಿ. ಆ ರಸ್ತೆಗೂ ಒಂದಿಷ್ಟು ಎಥನಾಲ್ ಬೆರೆಸಿದ್ದರೆ ಚೆನ್ನಾಗಿತ್ತು.

ಮೈಲೇಜ್ ಬಿತ್ತು ಅಂತ ಜನ ಗೊಣಗಿದಾಗ 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಉತ್ತರ ಕೊಟ್ಟಿತು. ಮೈಲೇಜ್ ಇಳಿದರೂ ಅದು ತೀರಾ ಅಲ್ಪವಂತೆ. ಪಿಕಪ್ ಜಾಸ್ತಿಯಂತೆ, ಸವಾರಿ ಇನ್ನೂ ಹಿತವಂತೆ. ಕೆಲವು ಹಳೆ ಗಾಡಿಗಳಲ್ಲಿ 20-30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಂದಿಷ್ಟು ರಬ್ಬರ್ ಸಾಮಾನು, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚೇನೂ ಜಾಸ್ತಿ ಇಲ್ಲವಂತೆ.

ನನ್ನ ಸ್ಕೂಟರ್ 2014ರದ್ದು. ಹಿತವಾದ ಸವಾರಿ ಕೊಡುತ್ತಾ ಕೊಡುತ್ತಾ ಮೊನ್ನೆ ಮಳೆಯಲ್ಲಿ ಬೇಲೂರು ರಸ್ತೆಯಲ್ಲಿ ನಿಂತುಬಿಟ್ಟಿತು. ತಳ್ಳಿಕೊಂಡು ಗ್ಯಾರೇಜಿಗೆ ಹೋದೆ. ಹುಡುಗ ಪೆಟ್ರೋಲ್ ಪೈಪು ಎಳೆದ, ಹಪ್ಪಳ ಮುರಿದ ಹಾಗೆ ಚೂರಾಯಿತು. ಕಾರ್ಬುರೇಟರ್ ಬಿಚ್ಚಿ ಒಳಗಿದ್ದದ್ದನ್ನು ಸೋಡಾ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದ. ಮೇಲೆ ಒಂದು ಬಣ್ಣ, ತಳದಲ್ಲಿ ಇನ್ನೊಂದು. "ನೀರು ಎಳ್ಕೊಂಡಿದೆ ಸಾರ್. ಎಥನಾಲ್ ಅಲ್ವಾ, ಗಾಳೀಲಿರೋ ತೇವ ಬಿಡಲ್ಲ. ನಮ್ಮೂರಲ್ಲಿ ಮಳೆಗಾಲ ಬೇರೆ." ಆಮೇಲೆ ಸ್ಕೂಟರ್ ಕಡೆ ನೋಡಿ, "ಪಾಪ, ಈ ವಯಸ್ಸಲ್ಲಿ ಎಣ್ಣೆ ಕಲಿಸಿದ್ರೆ ಹೆಂಗೆ?" ಅಂದ.

ಹೋಗಲಿ, ರೇಟಾದರೂ ಇಳಿಯಬೇಕಿತ್ತಲ್ವಾ? ಎಥನಾಲ್‌ಗೆ ಪೆಟ್ರೋಲಿಗಿಂತ ಶಕ್ತಿ ಕಮ್ಮಿ, ಅದಕ್ಕೆ ಬೆರೆಸಿದ್ದನ್ನು ಅಗ್ಗಕ್ಕೆ ಮಾರಬೇಕು ಎಂದು ಸರ್ಕಾರದ ನೀತಿ ಆಯೋಗದ ವರದಿಯೇ 2021ರಲ್ಲಿ ಹೇಳಿತ್ತು. ಆಮೇಲೆ ಪೆಟ್ರೋಲಿಯಂ ಸಚಿವಾಲಯ ಹೇಳಿತು: 2025ರ ಜುಲೈ ಕೊನೆಗೆ ಎಥನಾಲ್ ಸರಾಸರಿ ಲೀಟರಿಗೆ 71 ರೂಪಾಯಿ 32 ಪೈಸೆ, ಪೆಟ್ರೋಲ್ ಸಂಸ್ಕರಿಸುವ ಖರ್ಚಿಗಿಂತ (ಬಂಕಿನ ರೇಟಲ್ಲ) ಜಾಸ್ತಿ. ಅಂದರೆ ಕಾಫಿಗಿಂತ ಚಿಕೋರಿಯೇ ದುಬಾರಿ! ಇಂಥ ಲೆಕ್ಕ ನಮ್ಮ ಪುಡಿ ಅಂಗಡಿಯವರಿಗೆ ಹೊಳೆದಿರಲಿಲ್ಲ. ರಾಜ್ಯ ಸರ್ಕಾರವೇನು ಸುಮ್ನೆ ಕೂತಿಲ್ಲ. 2024ರ ಜೂನ್‌ನಲ್ಲಿ ತೆರಿಗೆಯನ್ನು 29.84 ಪರ್ಸೆಂಟಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿ ಕೂಡಿಸಿತು. ಒಬ್ಬರು ಬೆರೆಸುತ್ತಾರೆ, ಇನ್ನೊಬ್ಬರು ಏರಿಸುತ್ತಾರೆ. ಬೆರೆಸದ ಪೆಟ್ರೋಲೂ ಸಿಗಲಿ ಎಂದು ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಸೆಪ್ಟೆಂಬರ್ 1ರಂದು ಅರ್ಜಿ ವಜಾ.

ಹೊರಗಿನ ಎಣ್ಣೆ ಬಿಡಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಆಮದು. ಇದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಾಸನದ ಪಕ್ಕ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು 2007ರಲ್ಲೇ ಜೈವಿಕ ಇಂಧನ ಉದ್ಯಾನ ಶುರು ಮಾಡಿದರು. ಹೊಂಗೆ, ಹಿಪ್ಪೆ, ಬೇವು, ಸಿಮರೂಬ. 2009ಕ್ಕೆ ರಾಜ್ಯಕ್ಕೊಂದು ಜೈವಿಕ ಇಂಧನ ನೀತಿಯೂ ಬಂತು. ಬೇಲಿ ಸಾಲಿನ ಹೊಂಗೆ ಮರ ಆಗ ನಮ್ಮ ಕಣ್ಣಿಗೆ ಅರಬ್ ಶೇಖ್ ತರಹ ಕಂಡಿತ್ತು. ನನ್ನ ಅಜ್ಜಿ ಹೊಂಗೆ ಎಣ್ಣೆಯಲ್ಲಿ ಕೊಟ್ಟಿಗೆ ದೀಪ ಹಚ್ಚುತ್ತಿದ್ದಳು, ದನದ ಗಾಯಕ್ಕೂ ಅದನ್ನೇ ಸವರುತ್ತಿದ್ದಳು. ಹಿಂಡಿ ತೆಂಗಿನ ಬುಡಕ್ಕೆ. ತಾನು ಇಂಧನ ನೀತಿ ಪಾಲಿಸುತ್ತಿದ್ದೇನೆ ಅಂತ ಅವಳಿಗೆ ಗೊತ್ತಿರಲಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಕಡ್ಲೆಕಾಯಿ ಎಣ್ಣೆಯಲ್ಲಿ ಓಡಿತ್ತು. ಹೊಂಗೆ ಯಾಕಾಗಬಾರದು? ಆದರೆ ಡೀಸೆಲ್‌ಗೆ 2030ರೊಳಗೆ 5 ಪರ್ಸೆಂಟ್ ಜೈವಿಕ ಡೀಸೆಲ್ ಬೆರೆಸುವ ಗುರಿ ಇನ್ನೂ ಒಂದು ಪರ್ಸೆಂಟಿನ ಕೆಳಗೇ ತೆವಳುತ್ತಿತ್ತು. ಹೊಂಗೆ ಬೀಜ ಆರಿಸುವವರು ಮುದುಕಿಯರು, ಮಕ್ಕಳು. ಅವರಿಗೆ ಸಕ್ಕರೆ ಕಾರ್ಖಾನೆಯೂ ಇಲ್ಲ, ಡಿಸ್ಟಿಲರಿಯೂ ಇಲ್ಲ. ದೆಹಲಿಯಲ್ಲಿ ಹೊಂಗೆ ಲಾಬಿ ಅಂತ ಯಾರಾದರೂ ಕೇಳಿದ್ದೀರಾ?

ರೈತರಿಗೆ ಲಾಭ ಅಂತಾರೆ. ಅನ್ನದಾತ ಈಗ ಊರ್ಜಾದಾತನಂತೆ. 2025ರ ನವೆಂಬರ್‌ನಲ್ಲಿ ಮುಸುಕಿನ ಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ಇದ್ದಾಗ ನಮ್ಮ ಊರ್ಜಾದಾತರು 1,600-1,800ಕ್ಕೆ ಮಾರಿದರು. ಬೆಂಗಳೂರಿನಿಂದ ದೆಹಲಿಗೆ ಪತ್ರ ಹೋಯಿತು, ಡಿಸ್ಟಿಲರಿಗಳು ಕೊಳ್ಳಲಿ ಅಂತ. ದೆಹಲಿಯಿಂದ ಬಂದ ಉತ್ತರದಲ್ಲಿ ತಪ್ಪು ಬೆಂಗಳೂರಿನದೇ. ಅಷ್ಟರಲ್ಲಿ ಕಣದಲ್ಲಿದ್ದ ಜೋಳಕ್ಕೆ ಹುಳ ಬಂತು.

ಇಲ್ಲಿಯವರೆಗೆ ನಗಬಹುದು. ಅಕ್ಕಿಯ ವಿಷಯಕ್ಕೆ ಬಂದರೆ ನನಗೆ ನಗು ಬರುವುದಿಲ್ಲ. 2023ರಲ್ಲಿ ಅನ್ನಭಾಗ್ಯಕ್ಕೆ ಕೆಜಿಗೆ 34 ರೂಪಾಯಿ ಕೊಡುತ್ತೇವೆ, ಅಕ್ಕಿ ಕೊಡಿ ಎಂದು ರಾಜ್ಯ ಕೇಂದ್ರವನ್ನು ಕೇಳಿತು. ಕೊಡಲಿಲ್ಲ. ತಲೆಗೆ 170 ರೂಪಾಯಿ ಖಾತೆಗೆ ಹಾಕಬೇಕಾಯಿತು. ಎರಡೇ ವರ್ಷಕ್ಕೆ ಅದೇ ಉಗ್ರಾಣದಿಂದ 52 ಲಕ್ಷ ಟನ್ ಅಕ್ಕಿ ಎಥನಾಲ್‌ಗೆ, ಕೆಜಿಗೆ 22 ರೂಪಾಯಿ 50 ಪೈಸೆಯಂತೆ. ಉಗ್ರಾಣ ತುಂಬಿ ಚೆಲ್ಲುತ್ತಿತ್ತು, ನಿಜ. ಆದರೂ ಕರುಳು ಹಿಂಡಿದ ಹಾಗಾಗುತ್ತದೆ. ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತವಳು 34ಕ್ಕೂ ಬೇಡವಾದಳು, ನನ್ನ ಸ್ಕೂಟರಿಗೆ ಇಪ್ಪತ್ತೆರಡೂವರೆಗೆ ಅನ್ನ ಬಂತು. ಅದನ್ನೂ ಅದು ಅರಗಿಸಿಕೊಳ್ಳಲಾರದೆ ಬೇಲೂರು ರಸ್ತೆಯಲ್ಲಿ ಕಾರಿಕೊಂಡಿತು.

ಹೊಸ ಪೈಪು ಹಾಕಿಸಿಕೊಂಡು ಮತ್ತೆ ಬಂಕಿಗೇ ಹೋದೆ. ಇನ್ನೆಲ್ಲಿಗೆ ಹೋಗಲಿ? ಹುಡುಗ ಮುಚ್ಚಳ ತೆಗೆದು ಮೀಟರಿನ ಕಡೆ ಬೆರಳು ತೋರಿಸಿದ.

"ಝೀರೋ ನೋಡ್ಕೊಳ್ಳಿ ಸಾರ್. ಆಮೇಲೆ ಮೋಸ ಆಯ್ತು ಅನ್ನಬಾರದು."

ನೋಡಿಕೊಂಡೆ.