ವಿಯೆನ್ನಾದಲ್ಲಿ ನಾಲ್ಕು ಮಕ್ಕಳು, ದಿನಕ್ಕೊಂದೇ ಜಾಗ

"ಇಷ್ಟು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಯಾಕೆ? ಅವಕ್ಕೆ ಏನು ನೆನಪಿರುತ್ತೆ?" ದಸರಾ ರಜೆಗೆ ಹೊರಡುವ ಮುಂಚೆ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ತಂಗಿ ಇರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿಂದ ಆಸ್ಟ್ರಿಯಾದ ವಿಯೆನ್ನಾಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ನನ್ನ ಮಕ್ಕಳಿಬ್ಬರು, ಎಂಟು ಮತ್ತು ಐದು ವರ್ಷ. ಅವಳವು ಆರು ಮತ್ತು ಮೂರು. ಐದು ದಿನ ಒಂದೇ ಊರಿನಲ್ಲಿ ಇದ್ದು ಬಂದೆವು. ಆ ಪ್ರಶ್ನೆಗೆ ನನ್ನ ಉತ್ತರ ಈಗ ಗಟ್ಟಿಯಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ದಿನ ನಾವೂ ಎಲ್ಲರ ಹಾಗೇ ಮಾಡಿದೆವು. ಪಟ್ಟಿ ಹಿಡಿದು ಹೊರಟೆವು. ಬೆಳಿಗ್ಗೆ ಸೇಂಟ್ ಸ್ಟೀಫನ್ ಚರ್ಚ್. ಅದರ ದಕ್ಷಿಣದ ಗೋಪುರಕ್ಕೆ 343 ಮೆಟ್ಟಿಲು. ದೊಡ್ಡವನು ಹತ್ತುತ್ತೇನೆ ಅಂತ ಹಟ ಹಿಡಿದ, ಚಿಕ್ಕವಳು ಎತ್ತಿಕೋ ಅಂದಳು, ಅರ್ಧ ಗಂಟೆ ಅಲ್ಲೇ ಹೋಯಿತು. ಮಧ್ಯಾಹ್ನ ಷೋನ್‌ಬ್ರುನ್ ಅರಮನೆ. ಅಲ್ಲಿ 1,441 ಕೋಣೆಗಳಿವೆ. ಜನರಿಗೆ ತೋರಿಸುವುದು ಸುಮಾರು ನಲವತ್ತು ಮಾತ್ರ. ಹತ್ತನೆಯ ಕೋಣೆ ದಾಟುವ ಮೊದಲೇ ಮೂರು ವರ್ಷದವಳು ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ಅಳಲಿಲ್ಲ, ಸುಮ್ನೆ ಕಣ್ಣು ಮುಚ್ಚಿಕೊಂಡಳು. ಆ ಮುಖ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ತಪ್ಪು ಅವಳದ್ದಲ್ಲ, ನಮ್ಮದು. ಬೆಳಿಗ್ಗೆಯಿಂದ ಅವಳು ನೋಡಿದ್ದು ಏನು? ದೊಡ್ಡವರ ಸೊಂಟ, ಬೆನ್ನು, ಚೀಲ. ಅಷ್ಟೇ ಅಲ್ವಾ?

ಅವತ್ತು ರಾತ್ರಿ ಪಟ್ಟಿ ಹರಿದು ಹಾಕಿದೆವು. ದಿನಕ್ಕೆ ಒಂದೇ ಜಾಗ. ಉಳಿದ ಹೊತ್ತು ಪಾರ್ಕು, ಟ್ರಾಮು, ನಿದ್ದೆ.

ಮಾರನೇ ದಿನ ಅದೇ ಅರಮನೆಯ ತೋಟದಲ್ಲಿರುವ ಮೃಗಾಲಯಕ್ಕೆ ಹೋದೆವು. 1752ರಲ್ಲಿ ಶುರುವಾದದ್ದು, ಜಗತ್ತಿನಲ್ಲಿ ಈಗಲೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಇದೇ ಅತಿ ಹಳೆಯದು. ಇಡೀ ದಿನ ಅಲ್ಲೇ. ಯಾರೂ ಅಳಲಿಲ್ಲ.

ನಾನು ಹೇಳಲೇಬೇಕಾದ್ದು ಮೂರನೇ ದಿನದ್ದು. ಮಕ್ಕಳನ್ನು ಕರೆದುಕೊಂಡು ಚಿತ್ರಕಲೆಯ ಮ್ಯೂಸಿಯಮ್ಮಿಗೆ ಹೋಗೋದಾ ಅಂತ ತಂಗಿಗೆ ಭಯ. ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂನಲ್ಲಿ 19 ವರ್ಷದ ಒಳಗಿನವರಿಗೆ ಪ್ರವೇಶ ಉಚಿತ. ಮಕ್ಕಳು ಬೇಡ ಅಂದರೆ ತಕ್ಷಣ ಹೊರಗೆ ಬರೋಣ ಅಂತ ಒಪ್ಪಿಸಿದೆ. ಬೇರೆ ಏನನ್ನೂ ನೋಡದೆ ನೇರವಾಗಿ ಬ್ರೂಗೆಲ್ ಅನ್ನುವ ಹಳೇ ಕಾಲದ ಚಿತ್ರಕಾರನ ಚಿತ್ರಗಳ ಕೋಣೆಗೆ ಹೋದೆವು. ಅಲ್ಲಿ 1560ರಲ್ಲಿ ಬರೆದ 'ಮಕ್ಕಳ ಆಟಗಳು' ಅನ್ನುವ ಚಿತ್ರವಿದೆ. ಒಂದು ಊರಿನ ಬಯಲು, ಅದರ ತುಂಬ ಮಕ್ಕಳು. 200ಕ್ಕೂ ಜಾಸ್ತಿ ಮಕ್ಕಳು, 80ಕ್ಕೂ ಜಾಸ್ತಿ ಆಟಗಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಡಿಯುವ ಆಟ, ಬುಗುರಿ, ಗಾಲಿ ಹೊಡೆಯುವುದು, ಮರಗಾಲು ಕಟ್ಟಿಕೊಂಡು ನಡೆಯುವುದು. ಒಂದು ಹುಡುಗಿ ಕೋಲಿನಿಂದ ಕಕ್ಕ ಕೆದಕುತ್ತಿದ್ದಾಳೆ! ಅದನ್ನು ಕಂಡುಹಿಡಿದದ್ದು ಆರು ವರ್ಷದವನು. ಆಮೇಲೆ ಆ ಚಿತ್ರದ ಮುಂದಿನಿಂದ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು.

ಕೆಳಗೆ ಎಡಗಡೆ ಮೂಲೆಯಲ್ಲಿ ಇಬ್ಬರು ಹೆಂಗಸರು ಕೂತು ಸಣ್ಣ ಮೂಳೆಗಳನ್ನು ಮೇಲಕ್ಕೆ ಚಿಮ್ಮಿ ಹಿಡಿಯುವ ಆಟ ಆಡುತ್ತಿದ್ದಾರೆ. ನಾನು, ತಂಗಿ ಒಟ್ಟಿಗೇ "ಕಲ್ಲಾಟ!" ಅಂದೆವು. ಅಜ್ಜಿ ಮನೆಯ ಜಗಲಿಯಲ್ಲಿ ನಾವು ಐದು ಕಲ್ಲು ಇಟ್ಟುಕೊಂಡು ಆಡುತ್ತಿದ್ದ ಆಟ ಅದು. "ದೊಡ್ಡಮ್ಮಾ, ನಿಂಗೆ ಆಡೋಕೆ ಬರುತ್ತಾ?" ಅಂತ ತಂಗಿ ಮಗ ಕೇಳಿದ. ಬರುತ್ತೆ ಕಣೋ, ಕಲ್ಲು ಸಿಕ್ಕರೆ ತೋರಿಸ್ತೀನಿ ಅಂದೆ. ಮುಕ್ಕಾಲು ಗಂಟೆ ಒಂದೇ ಚಿತ್ರ. ಅದೇ ಕೋಣೆಯ ಬೇರೆ ಚಿತ್ರಗಳನ್ನು ಕೂಡ ಸರಿಯಾಗಿ ನೋಡಲಿಲ್ಲ. ಒಂದು ಚೂರೂ ಬೇಸರವಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಿರಿ. ಬೆಳಿಗ್ಗೆ ಮೊಸರನ್ನ ಕಲಸಿ ಡಬ್ಬಿಗೆ ಹಾಕಿಕೊಂಡರೆ ಅರ್ಧ ತಲೆನೋವು ಕಮ್ಮಿ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಹಾಲು, ಹಣ್ಣು ಶನಿವಾರವೇ ತಂದಿಡಿ. ನೀರು ಕೊಳ್ಳಬೇಡಿ. ಆಲ್ಪ್ಸ್ ಕಡೆಯ ಬೆಟ್ಟದ ಊಟೆಗಳಿಂದ 1873ರಿಂದಲೂ ಆ ಊರಿಗೆ ಕೊಳವೆಯಲ್ಲಿ ನೀರು ಬರುತ್ತಿದೆ, ನಲ್ಲಿ ನೀರೇ ತಣ್ಣಗೆ ಚೆನ್ನಾಗಿದೆ. ಆರು ವರ್ಷ ತುಂಬದ ಮಕ್ಕಳಿಗೆ ಟ್ರಾಮು, ಮೆಟ್ರೋ ಉಚಿತ. ಕೈಸರ್‌ಷ್ಮಾರ್ನ್ ಅಂತ ಒಂದು ಸಿಹಿ ಸಿಗುತ್ತದೆ. ದಪ್ಪ ಸಿಹಿ ದೋಸೆಯನ್ನು ಚೂರು ಚೂರು ಮಾಡಿದ ಹಾಗೆ, ಜೊತೆಗೆ ಪ್ಲಮ್ ಹಣ್ಣಿನ ಗೊಜ್ಜಿನಂಥದ್ದು. ಮಕ್ಕಳಿಗೆ ಬಹಳ ಹಿಡಿಸಿತು. ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಗಮನಿಸಿ.

ಹನ್ನೆರಡು ದಿನಕ್ಕೆ ಏಳು ದೇಶ ಅನ್ನುವ ಟೂರುಗಳಿಗೆ ಚಿಕ್ಕ ಮಕ್ಕಳನ್ನು ದಯವಿಟ್ಟು ಕರೆದುಕೊಂಡು ಹೋಗಬೇಡಿ. ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಿಗೆ ಹತ್ತಿಸಿ, ಫೋಟೋ ತೆಗೆಸಿ, ಮತ್ತೆ ಬಸ್ಸಿಗೆ ಹತ್ತಿಸುವುದು ಅವರಿಗೆ ಶಿಕ್ಷೆ. ದುಡ್ಡು ಕೊಟ್ಟಿದ್ದೀವಿ, ಎಲ್ಲಾ ನೋಡಿಬಿಡೋಣ ಅನ್ನುವ ಆಸೆ ನಮ್ಮದು, ಮಕ್ಕಳದ್ದಲ್ಲ. ಇನ್ನು ನೆನಪಿನ ವಿಷಯ. ಮೂರು ವರ್ಷದವಳಿಗೆ ಮುಂದೆ ಇದು ಯಾವುದೂ ನೆನಪಿರದೆ ಹೋಗಬಹುದು. ನಾವು ಅವಳಿಗೆ ದಿನಾ ಕಥೆ ಹೇಳಿ ಮಲಗಿಸುವುದು ಇಪ್ಪತ್ತು ವರ್ಷ ಆದ ಮೇಲೆ ನೆನಪಿರಲಿ ಅಂತಾನಾ?

ಕೊನೆಯ ದಿನ ಪ್ರಾಟರ್ ಪಾರ್ಕು. 1897ರ ದೊಡ್ಡ ಜಯಂಟ್ ವ್ಹೀಲ್ ಅಲ್ಲಿದೆ, ಅದನ್ನು ಹತ್ತಬೇಕು ಅಂತಲೇ ಹೋದದ್ದು. ದೊಡ್ಡವನು ಕೆಳಗೆ ನಿಂತು ಡಬ್ಬಿಗಳನ್ನು ಎಣಿಸಿ ಹದಿನೈದು ಅಂದ. ಮೊದಲು ಮೂವತ್ತಿದ್ದವು, ಎರಡನೇ ಮಹಾಯುದ್ಧದಲ್ಲಿ ಸುಟ್ಟುಹೋದ ಮೇಲೆ ಮತ್ತೆ ಕಟ್ಟುವಾಗ ಅರ್ಧವನ್ನಷ್ಟೇ ಹಾಕಿದರು ಅಂತ ಹೇಳಿದೆ. ಕ್ಯೂ ಉದ್ದ ಇತ್ತು, ಸ್ವಲ್ಪ ಹೊತ್ತು ಬಿಟ್ಟು ಬರೋಣ ಅಂತ ಪಕ್ಕದ ಸಾಲುಮರದ ದಾರಿಗೆ ಹೋದೆವು. ನಾಲ್ಕು ಕಿಲೋಮೀಟರಿಗೂ ಉದ್ದದ ನೇರ ದಾರಿ, ಎರಡೂ ಕಡೆ ಹಾರ್ಸ್ ಚೆಸ್ಟ್‌ನಟ್ ಮರಗಳು. ಅಕ್ಟೋಬರ್ ಆದ್ದರಿಂದ ಕೆಳಗೆಲ್ಲ ಅದರ ಬೀಜ ಬಿದ್ದಿತ್ತು. ಕಂದು ಬಣ್ಣ, ಎಣ್ಣೆ ಸವರಿದ ಹಾಗೆ ಹೊಳಪು. ತಿನ್ನಲು ಬರುವುದಿಲ್ಲ ಅಂತ ಮಕ್ಕಳಿಗೆ ಎರಡೆರಡು ಸಲ ಹೇಳಿದೆವು. ಅವರ ಜೇಬುಗಳೆಲ್ಲ ತುಂಬಿ ಜೋತುಬಿದ್ದವು.

ಆರು ವರ್ಷದವನು ಐದು ಸಣ್ಣ ಬೀಜ ಆರಿಸಿ ನನ್ನ ಕೈಗೆ ಕೊಟ್ಟ. "ಈಗ ತೋರ್ಸು." ನಾನು, ತಂಗಿ ಎಲೆ ಸರಿಸಿ ನೆಲದ ಮೇಲೇ ಕೂತೆವು. ಮೊದಲು ಒಂದೊಂದು, ಆಮೇಲೆ ಎರಡೆರಡು. ಬೀಜ ಜಾರುತ್ತಿತ್ತು, ಆದರೂ ಕೈಗೆ ಅಭ್ಯಾಸ ಮರೆತಿರಲಿಲ್ಲ. ಮೂರು ವರ್ಷದವಳು ಒಂದನ್ನು ಮೇಲಕ್ಕೆಸೆದು ಎರಡೂ ಕೈ ಚಾಚಿ ನಿಲ್ಲುತ್ತಿದ್ದಳು, ಅದು ಹಿಂದೆ ಎಲ್ಲೋ ಬೀಳುತ್ತಿತ್ತು, ಓಡಿ ಹೋಗಿ ತರುತ್ತಿದ್ದಳು. ಕತ್ತಲಾಗುವವರೆಗೂ ಆಡಿದೆವು. ಜಯಂಟ್ ವ್ಹೀಲ್ ಹತ್ತಲೇ ಇಲ್ಲ, ಯಾರೂ ಕೇಳಲೂ ಇಲ್ಲ.