ಚಿಕ್ಕ ಕಾರು ತಗೊಳ್ಳಿ, ಹಿಂದಿನವರಿಗೆ ದಾರಿ ಬಿಡಿ

ಸ್ಕಾಟ್ಲೆಂಡಿಗೆ ಹೋಗ್ತಿದೀವಿ, ಕಾರು ಬಾಡಿಗೆಗೆ ತಗೊಂಡು ಅಲ್ಲಿನ ಗುಡ್ಡಗಾಡು ಹೈಲ್ಯಾಂಡ್ಸ್ ಸುತ್ತಬೇಕು ಅಂತಿದೀವಿ, ಏನು ಮಾಡೋದು ಅಂತ ಈ ತಿಂಗಳು ಮೂರು ಜನ ಕೇಳಿದರು. ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ಖಂಡಿತ ಹೋಗಿ. ಓಡಿಸುವುದು ನಮಗೆ ಕಷ್ಟವಲ್ಲ. ಅಲ್ಲೂ ರಸ್ತೆಯ ಎಡಕ್ಕೇ ಹೋಗಬೇಕು, ಸ್ಟೀರಿಂಗ್ ಬಲಕ್ಕೇ ಇರುತ್ತದೆ. ನಮ್ಮ ಡ್ರೈವಿಂಗ್ ಲೈಸೆನ್ಸಿನಲ್ಲೇ 12 ತಿಂಗಳು ಕಾರು ಓಡಿಸಬಹುದು. ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ, ಕೆಲವು ಬಾಡಿಗೆ ಕಂಪನಿಯವರು ಕೇಳುತ್ತಾರೆ. ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಿನಲ್ಲೇ ಇರಲಿ. ಇಂಡಿಕೇಟರ್ ಕಡ್ಡಿ ಅಲ್ಲಿನ ಕಾರುಗಳಲ್ಲಿ ಎಡಗಡೆ ಇರುತ್ತದೆ. ಮೊದಲ ದಿನ ತಿರುವು ಬಂದಾಗೆಲ್ಲ ವೈಪರ್ ಆಡುತ್ತದೆ, ಎರಡನೇ ದಿನಕ್ಕೆ ಕೈ ಒಗ್ಗುತ್ತದೆ.

ನನಗೆ ನಿಜವಾಗಿ ಹೇಳಬೇಕಿರುವುದು ಬೇರೆ.

ನಾವು ಹೈಲ್ಯಾಂಡ್ಸಿನ ಇನ್ವರ್ನೆಸ್ ನಗರದಲ್ಲಿ ಕಾರು ತಗೊಂಡೆವು. ನಾನು, ನಮ್ಮನೆಯವರು, ಅಪ್ಪ. ಬುಕ್ ಮಾಡಿದ್ದು ಸಣ್ಣ ಹ್ಯಾಚ್‌ಬ್ಯಾಕ್. ಕೌಂಟರಿನಲ್ಲಿದ್ದ ಹುಡುಗ, ಅದೇ ದುಡ್ಡಿಗೆ ದೊಡ್ಡ ಎಸ್‌ಯುವಿ ಕೊಡುತ್ತೇನೆ ಅಂದ. ಅಪ್ಪನಿಗೆ ಕಾಲು ಚಾಚಿ ಕೂರಲು ಅನುಕೂಲ ಅಂತ ಒಪ್ಪಿಕೊಂಡೆವು. ಒಪ್ಪಬಾರದಿತ್ತು.

ಯಾಕೆಂದರೆ ಹೈಲ್ಯಾಂಡ್ಸಿನ ಒಳದಾರಿಗಳು ಒಂದೇ ಗಾಡಿ ಹಿಡಿಸುವಷ್ಟು ಅಗಲ. ಅಲ್ಲಲ್ಲಿ ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು, ‘ಪಾಸಿಂಗ್ ಪ್ಲೇಸ್’ ಅಂತ ಬಿಳಿ ಬೋರ್ಡು ಹಾಕಿರುತ್ತಾರೆ. ಎದುರಿಗೆ ಗಾಡಿ ಬಂದರೆ, ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸೇರಿ ನಿಲ್ಲಬೇಕು. ಬಲಕ್ಕಿದ್ದರೆ ಅದರ ಎದುರಿಗೆ ರಸ್ತೆಯಲ್ಲೇ ನಿಂತು, ಬರುವವರಿಗೆ ಆ ಜಾಗ ಬಿಡಬೇಕು. ಬಲಕ್ಕೆ ಮಾತ್ರ ನುಗ್ಗಬಾರದು. ಹಿಂದಿನಿಂದ ಬರುವವರಿಗೂ ಅಲ್ಲೇ ದಾರಿ ಬಿಡಬೇಕು. ಫೋಟೊ ತೆಗೆಯಲು, ಊಟಕ್ಕೆ, ಅಲ್ಲಿ ಕಾರು ನಿಲ್ಲಿಸಲೇಬಾರದು. ಇಂಥ ರಸ್ತೆಗೂ ಕಾನೂನಿನ ಮಿತಿ ಗಂಟೆಗೆ 60 ಮೈಲಿ, ಅಂದರೆ 96 ಕಿಲೋಮೀಟರ್ ಅಂತ ಇರಬಹುದು. ಆ ವೇಗದಲ್ಲಿ ಹೋದರೆ ಮುಂದಿನ ತಿರುವಿನಲ್ಲೇ ಕುರಿ ಸಿಗುತ್ತದೆ.

ನಾವು ಆಪಲ್‌ಕ್ರಾಸ್ ಎಂಬ ಊರಿಗೆ ಹೊರಟಿದ್ದೆವು. ಅಲ್ಲಿಗೆ ಹೋಗುವ ಘಾಟಿಯ ಹೆಸರು ಬ್ಯಾಲಕ್ ನ ಬಾ. ಗೇಲಿಕ್ ಭಾಷೆಯಲ್ಲಿ ದನಗಳ ಘಾಟಿ ಅಂತ ಅರ್ಥ. ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಸಮುದ್ರದ ಮಟ್ಟದಿಂದ ಶುರುವಾಗಿ 626 ಮೀಟರ್ ಹತ್ತುತ್ತದೆ. ಕೆಳಗೆ ದೊಡ್ಡ ಬೋರ್ಡಿದೆ: ಕಲಿಯುವವರು, ತೀರಾ ದೊಡ್ಡ ಗಾಡಿಗಳು, ಕ್ಯಾರವಾನ್‌ಗಳು ಈ ದಾರಿಯಲ್ಲಿ ಬರಬೇಡಿ ಅಂತ.

ಅಪ್ಪ ಕಳಸದ ಕಡೆ ಇಪ್ಪತ್ತೈದು ವರ್ಷ ಜೀಪು ಓಡಿಸಿದವರು. ನಾನು ಓಡಿಸುತ್ತಿದ್ದೆ, ಅವರು ಪಕ್ಕದಲ್ಲಿದ್ದರು. ಸುಮಾರು ಅರ್ಧ ಹತ್ತಿದ್ದೆವು, ಎದುರಿಗೆ ಬಾಡಿಗೆಯ ದೊಡ್ಡ ಮೋಟಾರ್‌ಹೋಮ್ ಬಂತು. ಮಲಗುವ ಮಂಚ, ಅಡುಗೆಮನೆ ಎಲ್ಲ ಇರುವ ವ್ಯಾನ್. ಹತ್ತುವವರು ನಾವು, ಇಳಿಯುವವರು ದಾರಿ ಬಿಡಬೇಕಿತ್ತು. ನಮ್ಮ ಘಾಟಿಗಳಲ್ಲೂ ಇದೇ ನಿಯಮ ಅಲ್ವಾ? ಆದರೆ ಓಡಿಸುತ್ತಿದ್ದವರ ಕೈ ನಡುಗುತ್ತಿತ್ತು. ಅದನ್ನು ರಿವರ್ಸ್ ತೆಗೆಯುವುದು ಅವರಿಂದ ಆಗುತ್ತಿರಲಿಲ್ಲ.

"ನೀನೇ ಹಿಂದೆ ತಗೊ ಮಾರಾಯ್ತಿ, ಅವ್ರು ಹೆದರಿದಾರೆ" ಅಂದರು ಅಪ್ಪ.

ತಗೊಂಡೆ. ಚಿಕ್ಕ ಕಾರಾಗಿದ್ದರೆ ಸಲೀಸಾಗಿ ಬರುತ್ತಿತ್ತು. ಈ ಅಗಲದ ಗಾಡಿಯಲ್ಲಿ ಹಿಂದಿನ ಎಡ ಚಕ್ರ ರಸ್ತೆಯಂಚಿನ ಕಲ್ಲಿಗೆ ಉಜ್ಜಿ, ಟೈರಿನ ಪಕ್ಕ ಸೀಳಿತು. ಡಿಕ್ಕಿ ತೆಗೆದು ನೋಡಿದರೆ ಸ್ಟೆಪ್ನಿ ಇಲ್ಲ. ಪಂಕ್ಚರಿಗೆ ತುಂಬುವ ಅಂಟಿನ ಡಬ್ಬ ಮಾತ್ರ ಇತ್ತು, ಪಕ್ಕ ಸೀಳಿದ ಟೈರಿಗೆ ಅದು ಉಪಯೋಗಕ್ಕಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಗಾಳಿ ಮಾತ್ರ ಜೋರಾಗಿತ್ತು.

ಹೇಗೋ ಪಾಸಿಂಗ್ ಪ್ಲೇಸಿಗೆ ತಂದು ನಿಲ್ಲಿಸಿದೆವು. ಪಿಕಪ್ ಓಡಿಸಿಕೊಂಡು ಬಂದ ಒಬ್ಬ ಹೆಂಗಸು, ಕೇಳುವ ಮೊದಲೇ ನಿಲ್ಲಿಸಿದರು. ಆಪಲ್‌ಕ್ರಾಸಿನವರೇ. ನಮ್ಮನೆಯವರನ್ನು ಊರಿಗೆ ಕರೆದುಕೊಂಡು ಹೋಗಿ ಫೋನ್ ಮಾಡಿಸಿದರು. ವಾಪಸ್ ಬಿಡುವಾಗ ಫ್ಲಾಸ್ಕಿನಲ್ಲಿ ಚಹಾ ತಂದರು. ಟೋಯಿಂಗ್ ಗಾಡಿ ಬರಲು ನಾಲ್ಕು ಗಂಟೆ ಹಿಡಿಯಿತು.

ಚಹಾ ಕುಡಿಯುವಾಗ ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಅವರ ತಾಯಿಗೆ ಕಾಲಿನ ಗಾಯಕ್ಕೆ ಬ್ಯಾಂಡೇಜ್ ಬದಲಾಯಿಸಲು ಮನೆಗೆ ನರ್ಸ್ ಬರುತ್ತಾರಂತೆ. ಬೇಸಿಗೆಯಲ್ಲಿ ಪ್ರವಾಸಿಗಳ ಗಾಡಿ ಸಿಕ್ಕಿಹಾಕಿಕೊಂಡು, ಆ ನರ್ಸ್ ಎಷ್ಟೋ ಸಲ ಗಂಟೆಗಟ್ಟಲೆ ತಡವಾಗಿ ಬರುತ್ತಾರಂತೆ. ಬೈಯಲಿಲ್ಲ ಅವರು. ಸುಮ್ನೆ ಹೇಳಿದರು. ನಾನು ಕನ್ನಡದಲ್ಲಿ ಹೇಳಿದಾಗ ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಬಸುರಿ ಹೆಂಗಸನ್ನು ಜೀಪಿನಲ್ಲಿ ಕೂರಿಸಿಕೊಂಡು, ಮುಂದಿನ ಪ್ರವಾಸಿ ಕಾರು ದಾರಿ ಬಿಡದೆ ಅವರು ಒದ್ದಾಡಿದ್ದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಮುಳ್ಳಯ್ಯನಗಿರಿ ದಾರಿಯಲ್ಲಿ ವಾರದ ಕೊನೆಗೆ ಏನಾಗುತ್ತದೆ ಅಂತ ಚಿಕ್ಕಮಗಳೂರಿನವರಿಗೆ ಗೊತ್ತು. ನಮ್ಮೂರಲ್ಲಿ ಹೀಗಾದರೆ ಸಿಟ್ಟಾಗುವ ನಾನೇ ಅಲ್ಲಿ ಕಂಡವರ ಊರಿನ ದಾರಿಗೆ ಅಡ್ಡ ನಿಂತಿದ್ದೆ.

ಉತ್ತರ ಸ್ಕಾಟ್ಲೆಂಡನ್ನು ಸುತ್ತುವ 516 ಮೈಲಿ ದಾರಿಗೆ 2015ರಲ್ಲಿ ನಾರ್ತ್ ಕೋಸ್ಟ್ 500 ಅಂತ ಹೆಸರಿಟ್ಟು ಪ್ರಚಾರ ಶುರು ಮಾಡಿದರು. ಆಪಲ್‌ಕ್ರಾಸ್ ಘಾಟಿಯೂ ಅದರಲ್ಲಿದೆ. ಅದನ್ನು ಮೂರು ದಿನದಲ್ಲಿ ಮುಗಿಸಿದೆ ಅಂತ ವಿಡಿಯೊ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಹೋಗಬೇಡಿ. ಬಸ್ಸಿನಲ್ಲಿ ಹೋಗದೆ ಸ್ವಂತಕ್ಕೆ ಕಾರು ತಗೊಳ್ಳುವುದು ಬೇಕಾದಲ್ಲಿ ನಿಲ್ಲಲಿಕ್ಕೆ. ಮೈಲಿ ಎಣಿಸಲಿಕ್ಕಲ್ಲ. ಒಂದೇ ಕಡೆ ನಾಲ್ಕು ದಿನ ಉಳಿಯಿರಿ. ಜೂನಿನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಅವಸರ ಏನಿದೆ? ಪೆಟ್ರೋಲನ್ನೂ ದಿನಸಿಯನ್ನೂ ಸಣ್ಣ ಊರುಗಳಲ್ಲೇ ತಗೊಳ್ಳಿ. ಆಪಲ್‌ಕ್ರಾಸಿನ ಪೆಟ್ರೋಲ್ ಬಂಕನ್ನು ಊರಿನವರೇ ಸೇರಿ ನಡೆಸುತ್ತಾರೆ.

ಇನ್ನು ದುಡ್ಡಿನ ವಿಷಯ. ಟೈರಿಗೆ ನನ್ನ ಕಾರ್ಡಿನಿಂದ 180 ಪೌಂಡ್ ಹೋಯಿತು. ಬಾಡಿಗೆಯಲ್ಲೇ ಇನ್ಶೂರೆನ್ಸ್ ಸೇರಿದೆ ಅಂತ ನಾವು ನೆಮ್ಮದಿಯಾಗಿದ್ದೆವು. ಟೈರು, ಗಾಜು, ಗಾಡಿಯ ತಳಭಾಗ ಅದರಲ್ಲಿ ಬರುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಉಳಿದ ಡ್ಯಾಮೇಜಿಗೂ ಮೊದಲ ಒಂದಷ್ಟು ಮೊತ್ತ ನಾವೇ ಕಟ್ಟಬೇಕು. ಅದಕ್ಕೆ ‘ಎಕ್ಸೆಸ್’ ಅನ್ನುತ್ತಾರೆ. ಅದಕ್ಕೂ ಟೈರಿಗೂ ಸೇರಿ ಬೇರೆ ಪಾಲಿಸಿ ಸಿಗುತ್ತದೆ. ಕೌಂಟರಿನಲ್ಲಿ ತಗೊಂಡರೆ ದುಬಾರಿ, ಹೊರಡುವ ಮೊದಲೇ ಆನ್‌ಲೈನಿನಲ್ಲಿ ನೋಡಿ. ಕಾರು ತಗೊಳ್ಳುವಾಗ ನಾಲ್ಕೂ ಚಕ್ರದ ವಿಡಿಯೊ ಮಾಡಿಕೊಳ್ಳಿ. ಸ್ಟೆಪ್ನಿ ಇದೆಯಾ ಕೇಳಿ. ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ದೊಡ್ಡ ಕಾರು ಬಿಟ್ಟಿ ಕೊಡುತ್ತೇನೆ ಅಂದರೆ, ಬೇಡ ಅನ್ನಿ.

ಮಾರನೇ ದಿನ ಟೈರು ಹಾಕಿಸಿಕೊಂಡು ಮತ್ತೆ ಆ ಘಾಟಿ ಹತ್ತಿದೆವು. ಬೆಳಗ್ಗೆ ಬೇಗ, ಗಾಡಿಗಳಿಲ್ಲದ ಹೊತ್ತಿನಲ್ಲಿ. ಹಿಂದೆ ಕೆಂಪು ಪೋಸ್ಟ್ ವ್ಯಾನ್ ಕಂಡಿತು. ನಾನು ಕನ್ನಡಿ ನೋಡುವ ಮೊದಲೇ ಅಪ್ಪ ಎಡಕ್ಕೆ ಕೈ ತೋರಿಸಿದರು. ನಿಲ್ಲಿಸಿದೆ. ವ್ಯಾನಿನವರು ದಾಟಿ ಹೋಗುವಾಗ ಕೈ ಎತ್ತಿದರು, ಅಪ್ಪನೂ ಎತ್ತಿದರು.